ಜೀವಂತ ಮದ್ದಿಗೆ ಒಡೆಯರು ಯಾರು?

ಕ್ಷಯ ಬಾರದಂತೆ ಮಗುವಿನ ತೋಳಿಗೆ ಚುಚ್ಚುವ ಬಿ.ಸಿ.ಜಿ.ಯನ್ನೇ ದೊಡ್ಡವರ ಮೂತ್ರಕೋಶದ ಕ್ಯಾನ್ಸರಿಗೂ ಕೊಡುತ್ತಾರೆಂದು ನಾವು ಹೇಳಿದಾಗ ಭಾಗಮಂಡಲದ ಅಂಗಡಿ ಜಗಲಿಯಲ್ಲಿ ಕೂತವರು ನಕ್ಕರು. ನಗುವ ಮಾತಲ್ಲ, ಬಂಧುಗಳೇ. ಈ ರೋಗ ಬೀಡಿ ಸಿಗರೇಟು ಸೇದುವವರನ್ನು ಹೆಚ್ಚಾಗಿ ಹಿಡಿಯುತ್ತದೆ. ಬಣ್ಣದ ಕಾರ್ಖಾನೆಯ ಕೆಲಸಗಾರರನ್ನೂ ಬಿಡದೆಂದು ಜರ್ಮನಿಯ ವೈದ್ಯ ರೇನ್ 1895ರಲ್ಲೇ ತೋರಿಸಿದ್ದ.

ಬಿ.ಸಿ.ಜಿ. ಜೀವವಿರುವ ಮದ್ದು. ದನದ ಕ್ಷಯದ ಜೀವಾಣುವನ್ನು ಕಾಲ್ಮೆಟ್, ಗೆರಾನ್ ಎಂಬ ಫ್ರೆಂಚ್ ವಿಜ್ಞಾನಿಗಳು 13 ವರ್ಷ ಸಾಕಿ, ದುಬಾರೆಯಲ್ಲಿ ಆನೆ ಪಳಗಿಸಿದಂತೆ ಪಳಗಿಸಿದರು. ನಳಿಕೆಯಿಂದ ಮೂತ್ರಕೋಶಕ್ಕೆ ಬಿಟ್ಟರೆ ಅದು ಮೈಯ ಕಾವಲುಪಡೆಯನ್ನು ಎಬ್ಬಿಸುತ್ತದೆ. ಆ ಪಡೆ ಕ್ಯಾನ್ಸರಿನ ಮೇಲೂ ಬೀಳುತ್ತದೆ. ಕೆನಡಾದ ವೈದ್ಯರು ಇದನ್ನು 1976ರಲ್ಲಿ ಪ್ರಕಟಿಸಿದರು.

ಈಗ ಜೀವಾಣುವನ್ನು ಪಳಗಿಸುವುದಷ್ಟೇ ಅಲ್ಲ, ತಿದ್ದುವ ವಿದ್ಯೆಯೂ ಬಂದಿದೆ. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಬಿ.ಸಿ.ಜಿ.ಯ ಒಂದು ಜೀನನ್ನು ತೆಗೆದು, ಲಿಸ್ಟೀರಿಯಾ ಎಂಬ ಬೇರೆ ಜೀವಾಣುವಿನ ಜೀನನ್ನು ಸೇರಿಸಿದರು. ಹಳೆಯ ಬಿ.ಸಿ.ಜಿ. ಸೋತ ರೋಗಿಗಳಿಗೆ ಈ ಹೊಸ ತಳಿಯನ್ನು ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಕೊಟ್ಟು ನೋಡಿದಾಗ, ಸುಮಾರು ಅರ್ಧ ಮಂದಿಗೆ 60 ವಾರ ಕಳೆದರೂ ಗೆಡ್ಡೆ ಮರಳಲಿಲ್ಲ. ಸಣ್ಣ ಪ್ರಯೋಗ, ಕುಣಿದಾಡುವ ಹೊತ್ತು ಬಂದಿಲ್ಲ. ಆದರೆ ಸಾರ್ವಜನಿಕ ಹಣದ ಸಂಸ್ಥೆಯಲ್ಲಿ ಹುಟ್ಟಿದ ಈ ತಳಿಯನ್ನು ತಯಾರಿಸುವುದು ಯಾರು? ಪುಣೆಯ ಖಾಸಗಿ ಕಂಪೆನಿ, ಸೀರಂ ಇನ್‌ಸ್ಟಿಟ್ಯೂಟ್.

ಹಳೆಯ ಬಿ.ಸಿ.ಜಿ. ಪ್ಯಾರಿಸಿನಿಂದ ದೇಶದೇಶಕ್ಕೆ ಹಂಚಿಹೋಯಿತು. 1948ರಲ್ಲಿ ನಮ್ಮ ಸರಕಾರವೇ ಮದರಾಸಿನ ಗಿಂಡಿಯಲ್ಲಿ ಅದರ ತಯಾರಿಕೆಗೆ ತೊಡಗಿತು. ತಿದ್ದಿದ ಜೀವಾಣುವಿನ ಮಾತು ಬೇರೆ. ಬಂಗಾಳದ ಆನಂದಮೋಹನ ಚಕ್ರವರ್ತಿಯವರು ತಿದ್ದಿದ, ಎಣ್ಣೆ ತಿನ್ನುವ ಜೀವಾಣುವಿಗೆ ಪೇಟೆಂಟ್ ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟು 1980ರಲ್ಲಿ ತೀರ್ಪಿತ್ತಿತು. 2002ರಲ್ಲಿ ನಮ್ಮ ಪಾರ್ಲಿಮೆಂಟೂ ಗಿಡ, ಪ್ರಾಣಿಗಳನ್ನು ಪೇಟೆಂಟಿನಿಂದ ಹೊರಗಿಟ್ಟು ಸೂಕ್ಷ್ಮಜೀವಿಗೆ ಮಾತ್ರ ಬಾಗಿಲು ತೆರೆಯಿತು. ತಾನಾಗಿಯೇ ಬೆಳೆದು ದುಪ್ಪಟ್ಟಾಗುವ ಜೀವಕ್ಕೂ ಒಬ್ಬ ಸಾಹುಕಾರ!

ಇತ್ತ ಗಿಂಡಿಯ ಗತಿ ನೋಡಿ. ತಯಾರಿಕೆಯ ನಿಯಮ ಪಾಲಿಸಲಿಲ್ಲವೆಂದು 2008ರಲ್ಲಿ ದಿಲ್ಲಿ ಅದರ ಪರವಾನಗಿಯನ್ನೇ ತಡೆಹಿಡಿಯಿತು. ತಡೆ ತೆಗೆದದ್ದು 2010ರಲ್ಲಿ. ಮಾಡು ಸೋರಿದರೆ ಹಂಚು ಬದಲಿಸುವರೋ, ಮನೆಗೆ ಬೀಗ ಹಾಕುವರೋ?

ಈ ಮದ್ದನ್ನು ಮೊದಲಿಗೆ ವಾರಕ್ಕೊಮ್ಮೆಯಂತೆ ಆರು ವಾರ ಹಾಕಿಸಿಕೊಳ್ಳಬೇಕು. ಭಾಗಮಂಡಲದಿಂದ ಮಡಿಕೇರಿಗೆ ಸುಮಾರು 40 ಕಿಲೋಮೀಟರು, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ 250ರ ಮೇಲೆ. ದಿನಗೂಲಿಯವನು ಆರು ವಾರದ ಕೂಲಿ ಬಿಟ್ಟು ಬಸ್ಸು ಹತ್ತುವನೇ? ಅದರ ಮೇಲೆ ಮದ್ದಿನ ಬೆಲೆಯನ್ನೂ ಕಂಪೆನಿಯೇ ಗೊತ್ತುಮಾಡಿದರೆ?

ಕಾಯಿದೆಯಲ್ಲಿ ದಾರಿ ಇಲ್ಲದಿಲ್ಲ. 2012ರಲ್ಲಿ ಕಡ್ಡಾಯ ಪರವಾನಗಿ ಕೊಟ್ಟಾಗ, ತಿಂಗಳಿಗೆ 2,80,000 ರೂಪಾಯಿ ಮೀರಿದ್ದ ಬೇಯರ್ ಕಂಪೆನಿಯ ಕ್ಯಾನ್ಸರ್ ಮಾತ್ರೆಯನ್ನು 8,880 ರೂಪಾಯಿಗೆ ಮಾರುವಂತಾಯಿತು. ತಿದ್ದಿದ ಜೀವಾಣುಗಳಿಗೂ ಈ ಅಸ್ತ್ರವನ್ನು ಸರಕಾರ ಸಿದ್ಧವಾಗಿಡಲಿ. ತಯಾರಿಕೆ ಗಿಂಡಿಯಲ್ಲಿ ನಡೆಯಲಿ, ಚಿಕಿತ್ಸೆ ಮಡಿಕೇರಿಯ ಸರಕಾರಿ ಆಸ್ಪತ್ರೆಯಲ್ಲೇ ಪುಕ್ಕಟೆಯಾಗಿ ಸಿಗಲಿ. ಮತ ಕೇಳಲು ಬರುವವರ ಮುಂದೆ ನಮ್ಮ ಕಾರ್ಮಿಕರೂ ವರ್ತಕರೂ ಈ ಎರಡು ಬೇಡಿಕೆಗಳನ್ನು ಇಡಬೇಕು.