ನರೆದಲೆಗನ ವಾದವೂ ವಿಮರ್ಶಕರ ಮೌನವೂ

ವರ್ಗದೃಷ್ಟಿಯಿಂದ ಸಾಹಿತ್ಯವನ್ನು ಓದುವುದು ಪರದೇಶದಿಂದ ಎರವಲು ತಂದ ಪದ್ಧತಿ, ಅದರಿಂದ ಕಾವ್ಯದ ರಸ ಕೆಡುತ್ತದೆ ಎಂಬ ಆಕ್ಷೇಪ ಕನ್ನಡ ವಿಮರ್ಶೆಗೆ ಹೊಸದಲ್ಲ. ಇದಕ್ಕೆ ಉತ್ತರವನ್ನು ಮಾರ್ಕ್ಸ್‌ನಲ್ಲಿ ಹುಡುಕಬೇಕಾಗಿಲ್ಲ. 16ನೆಯ ಶತಮಾನದ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿಯೇ ಅದು ದೊರೆಯುತ್ತದೆ.

ಲಂಕೆಯಿಂದ ಮರಳುತ್ತಿರುವ ರಾಮನ ಮುಂದೆ ನರೆದಲೆಗನೂ ವ್ರೀಹಿಯೂ, ಎಂದರೆ ರಾಗಿಯೂ ಭತ್ತವೂ, ಶ್ರೇಷ್ಠತೆಗಾಗಿ ಕಲಹಕ್ಕಿಳಿಯುತ್ತವೆ. ಯಜ್ಞ, ಉಪನಯನ, ಮಂತ್ರಾಕ್ಷತೆಗಳನ್ನು ತನ್ನ ಹಿರಿಮೆಗೆ ಸಾಕ್ಷಿಯಾಗಿ ಕರೆಯುವ ಭತ್ತ, ನಿನ್ನ ಕುಲವಾವುದೆಂದು ರಾಗಿಯನ್ನು ಕೇಳುತ್ತದೆ. ರಾಗಿ ಕುಲದ ಲೆಕ್ಕ ಒಪ್ಪಿಸುವುದಿಲ್ಲ. ನೀನು ಉಳ್ಳವರ ಕಡೆಯವನು, ಇಲ್ಲದವರು ನಿನಗೆ ಕಾಣರು. ಬರಗಾಲದಲ್ಲಿ ಜೀವ ಉಳಿಸುವವನು ನಾನು ಎಂಬುದೇ ಅದರ ಮರುನುಡಿಯ ತಿರುಳು. ಜಾತಿಯ ಪ್ರಶ್ನೆಗೆ ಕವಿ ಇಲ್ಲಿ ಸಂಪತ್ತಿನ ಭಾಷೆಯಲ್ಲಿ ಉತ್ತರಿಸಿದ್ದಾನೆ.

ಇದನ್ನು ಭಕ್ತಿಯ ರೂಪಕವೆಂದೋ ಜಾತಿಸಂಘರ್ಷದ ಅನ್ಯೋಕ್ತಿಯೆಂದೋ ಮಾತ್ರ ಓದಿ ಮುಗಿಸುವವರು ನೆಲವನ್ನು ಮರೆಯುತ್ತಾರೆ. ಭತ್ತಕ್ಕೆ ಕೆರೆ ಬೇಕು, ಕಾಲುವೆ ಬೇಕು. ಅವುಗಳ ಹಿಂದೆ ಅರಸನ, ದೇವಾಲಯದ, ಧನಿಕನ ಹಣವಿರುತ್ತದೆ. ರಾಗಿ ಮಳೆಯನ್ನೇ ನೆಚ್ಚಿದ ಹೊಲದ ಬೆಳೆ. ಶಾಸನಗಳು ಗದ್ದೆ, ಬೆದ್ದಲು ಎಂದು ಬೇರ್ಪಡಿಸಿ ದಾಖಲಿಸುವ ಭೇದವೇ ಕಾವ್ಯದಲ್ಲಿ ಎರಡು ಪಾತ್ರಗಳಾಗಿ ಎದುರುಬದುರು ನಿಂತಿದೆ. ರಾಮನು ಒಡ್ಡಿದ ಪರೀಕ್ಷೆಯಾದರೂ ಏನು? ಆರು ತಿಂಗಳ ಸೆರೆ. ಭತ್ತ ಕಂದಿತು, ರಾಗಿ ಉಳಿಯಿತು. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವುದನ್ನು ಕಂಡ ರೈತನಿಗೆ ಈ ಪರೀಕ್ಷೆಯ ಅರ್ಥವನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ವರ್ಗವಾದಿ ವಿಮರ್ಶಕರೂ ಕಾವ್ಯದ ಕೊನೆಯನ್ನು ಮರೆಮಾಚಬಾರದು. ರಾಮನು ರಾಗಿಗೆ ತನ್ನ ರಾಘವನೆಂಬ ಹೆಸರನ್ನು ಕೊಟ್ಟು ಮನ್ನಿಸುತ್ತಾನೆ, ಭತ್ತವನ್ನೂ ಸಂತೈಸುತ್ತಾನೆ. ಬದಲಾಗುವುದು ಮರ್ಯಾದೆ, ಗದ್ದೆಯ ಒಡೆತನವಲ್ಲ. ಕಾವ್ಯದ ಗೆಲುವು ಇಲ್ಲಿದೆ, ಅದರ ಮಿತಿಯೂ ಇಲ್ಲಿಯೇ ಇದೆ. ಇವೆರಡನ್ನೂ ಒಟ್ಟಿಗೆ ಹೇಳಲಾರದ ವರ್ಗವಿಮರ್ಶೆ ಬರಿಯ ಘೋಷಣೆಯಾಗುತ್ತದೆ.

ಆದರೆ ಹೆಚ್ಚಿನ ಅಪರಾಧ ರಸವಾದಿಗಳದು. ಬಡವ, ಬಲ್ಲಿದ ಎಂಬ ಭೇದವನ್ನು ಕವಿಯೇ ಎತ್ತಿ ಆಡಿರುವಾಗ, ಅದನ್ನು ಗುರುತಿಸಿದವರ ಮೇಲೆ ಪರದೇಶಿ ಬುದ್ಧಿಯ ಆರೋಪ ಹೊರಿಸುವುದು ಕಾವ್ಯವನ್ನು ಓದದೆ ಆಡುವ ಮಾತು. ರಸದ ಹೆಸರಿನಲ್ಲಿ ರಾಗಿಯ ಬಾಯಿ ಮುಚ್ಚಿಸಿದರೆ, ಅದನ್ನು ಎರಡನೆಯ ಸಲ ಸೆರೆಗೆ ಹಾಕಿದಂತೆ.