ಉಲ್ಲನ್ ಉಂಡೆಯ ಲೆಕ್ಕ

ಹೆಣಿಗೆ ಕೈಗೆ ಒಳ್ಳೆಯದು, ಮನಸ್ಸಿಗೆ ಒಳ್ಳೆಯದು ಎಂದು ಹೇಳುವವರು ಬಹು ಮಂದಿ ಉಂಟು. ಅದು ಹಣದ ಚೀಲಕ್ಕೂ ಒಳ್ಳೆಯದೇ ಎಂದು ವಿಚಾರಿಸಿದವರು ಕಡಿಮೆ. ಆ ವಿಚಾರವನ್ನು ಈ ಸಂಚಿಕೆಯ ಮೂಲಕ ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬಯಸುತ್ತೇನೆ. ಇದನ್ನು ಹೇಳುವ ಹಕ್ಕನ್ನು ನಾನು ಸಾಕಷ್ಟು ಹಣ ತೆತ್ತೇ ಸಂಪಾದಿಸಿದ್ದೇನೆ.

2020ರಲ್ಲಿ ಕೊರೋನಾ ಹಾವಳಿಯಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ದೇಶಗಳಲ್ಲಿ ಜನರು ಮನೆಯಲ್ಲಿ ಕುಳಿತು ಹೆಣಿಗೆ ಕಲಿತರು. ಅಜ್ಜಂಪುರದ ನಮ್ಮ ಮನೆಯಲ್ಲಿ ನಾನೂ ಕಲಿತೆ. ಕಲಿಸಿದವರು ನಮ್ಮ ಅಜ್ಜಿ. ಅವರು ಹರೆಯದಲ್ಲಿ ಮಹಿಳಾ ಸಮಾಜದಲ್ಲಿ ಕಲಿತಿದ್ದರಂತೆ. ಶಾಲೆ ತೆರೆದೊಡನೆ ನಾನು ಅದನ್ನು ಮರೆತೆ. ಕಾಲೇಜು ಸೇರಿದ ಮೇಲೆ ತರೀಕೆರೆಯ ಗೆಳತಿಯೊಬ್ಬಳ ಕೈಯಲ್ಲಿ ಕ್ರೋಶಾ ಕಡ್ಡಿಯನ್ನು ಕಂಡಾಗ ಮರೆತ ವಿದ್ಯೆ ಬೆರಳಿಗೆ ತಾನಾಗಿಯೇ ಮರಳಿ ಬಂತು. ಅದರ ಹಿಂದೆಯೇ ಕೊಳ್ಳುವ ಹುಚ್ಚೂ ಬಂತು.

"ಕಡೂರಿನ ಬಿಸಿಲಿಗೆ ಸ್ವೆಟರು ಏಕಮ್ಮ?" ಎಂದು ನಗುವವರಿದ್ದಾರೆ. ಕಡೂರು ಬಯಲುಸೀಮೆ, ನಿಜ. ಆದರೆ ತರೀಕೆರೆ ದಾಟಿ ಕೆಮ್ಮಣ್ಣುಗುಂಡಿಯ ಕಡೆ ಹತ್ತಿದರೆ ಮಲೆನಾಡಿನ ಚಳಿ ಏನೆಂಬುದು ಗೊತ್ತಾಗುತ್ತದೆ. ಮಾಗಿಯ ಬೆಳಗಿನಲ್ಲಿ ಅಜ್ಜಂಪುರದ ಸ್ಟೇಷನ್ನಿನಲ್ಲಿ ಗಾಡಿ ಕಾಯುವವರಿಗೂ ಅದು ಗೊತ್ತು. ಆದ್ದರಿಂದ ತಪ್ಪು ಹೆಣಿಗೆಯದಲ್ಲ. ತಪ್ಪು ಬೇರೆಡೆ ಇದೆ.

ಖರ್ಚು ಹೇಗೆ ಬೆಳೆಯುತ್ತದೆ ನೋಡಿ. ಉಲ್ಲನ್ನಿಗೆ ಬಣ್ಣ ಹಾಕುವುದು ಒಂದೊಂದು ಕಂತಿನಲ್ಲಿ. ಉಂಡೆಯ ಚೀಟಿಯ ಮೇಲೆ ಅದರ ಲಾಟ್ ನಂಬರು ಇರುತ್ತದೆ. ಒಂದೇ ಹಸಿರಾದರೂ ಲಾಟು ಬದಲಾದರೆ ತೋಳು ಒಂದು ಹಸಿರು, ಮೈ ಮತ್ತೊಂದು ಹಸಿರು ಆದೀತು. ಈ ಭಯದಿಂದ ನಾಲ್ಕು ಉಂಡೆ ಬೇಕಾದಲ್ಲಿ ಆರು ಕೊಳ್ಳುತ್ತೇವೆ. ಮಾರುವುದು ತೂಕದ ಲೆಕ್ಕದಲ್ಲಿ, ಹೆಣಿಗೆಗೆ ಬೇಕಾದುದು ಉದ್ದದ ಲೆಕ್ಕ. 100 ಗ್ರಾಂ ತೆಳು ದಾರ ಬಹು ದೂರ ಬರುತ್ತದೆ, 100 ಗ್ರಾಂ ದಪ್ಪ ದಾರ ಬೇಗ ಮುಗಿಯುತ್ತದೆ. ಅದು ತಿಳಿಯದೆ ಮತ್ತೆರಡು ಉಂಡೆ. ಇನ್ನು ಕಡ್ಡಿಯ ಕಥೆ. ಅಜ್ಜಿ "10 ನಂಬರ್ ಕಡ್ಡಿ ತರಿಸು" ಎಂದರು. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣದು, 10 ನಂಬರೆಂದರೆ ಮೂರೂಕಾಲು ಮಿಲಿಮೀಟರು. ನಾನು ಮೊಬೈಲಿನಲ್ಲಿ 10 ಮಿಲಿಮೀಟರಿನ ಕಡ್ಡಿ ತರಿಸಿದೆ! ಮುದ್ದೆ ತಿರುವುವ ಕೋಲಿನ ತಮ್ಮನಂತಹ ಅದನ್ನು ಕಂಡು ಅಜ್ಜಿ ನಕ್ಕ ನಗು ಈಗಲೂ ಕಿವಿಯಲ್ಲಿದೆ.

ಹೀಗೆ ಒಂದು ವರ್ಷದಲ್ಲಿ ನನ್ನ ಟ್ರಂಕಿನಲ್ಲಿ 14 ಉಂಡೆ ಉಲ್ಲನ್, 5 ಜೊತೆ ಕಡ್ಡಿ, 3 ಕ್ರೋಶಾ ಕಡ್ಡಿ ಸೇರಿದವು. ಹೆಣೆದು ಮುಗಿಸಿದ್ದು ಒಂದು ಟೋಪಿ ಮತ್ತು ಅರ್ಧ ತೋಳು. ಕೊಂಡಾಗ ಹೆಣೆದಷ್ಟೇ ಸಂತೋಷವಾಗುತ್ತದೆ. ಮೋಸವಿರುವುದು ಅಲ್ಲಿಯೇ. ಪುಸ್ತಕ ಕೊಂಡವನು ತಾನು ಓದಿದೆನೆಂದು ಭ್ರಮಿಸುವಂತೆ, ಉಲ್ಲನ್ ಕೊಂಡವಳು ತಾನು ಹೆಣೆದೆನೆಂದು ಭ್ರಮಿಸುತ್ತಾಳೆ.

ಇದು ಬರಿಯ ನಗೆಯ ವಿಷಯವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಳೆದ ಪರೀಕ್ಷೆಯ ಹೊತ್ತಿಗೆ ಅಮ್ಮ ಈರುಳ್ಳಿ ಮಾರಿದ ಹಣದಲ್ಲಿ 2,000 ರೂಪಾಯಿ ಎತ್ತಿ ಪರೀಕ್ಷಾ ಶುಲ್ಕಕ್ಕೂ ಬಸ್ ಪಾಸಿಗೂ ಎಂದು ಕೊಟ್ಟರು. ಆ ವರ್ಷ ಈರುಳ್ಳಿಗೆ ಬೆಲೆ ಇರಲಿಲ್ಲ. ಅದರಲ್ಲಿ 900 ರೂಪಾಯಿ ಉಲ್ಲನ್ನಿಗೆ ಹೋಯಿತು. ಮುಂದಿನ ವಾರ ಹೇಗಾದರೂ ಹೊಂದಿಸಿದರಾಯಿತು ಎಂದುಕೊಂಡೆ. ಹೊಂದಲಿಲ್ಲ. ಶುಲ್ಕ ಕಟ್ಟುವ ಕೊನೆಯ ದಿನದ ಹಿಂದಿನ ರಾತ್ರಿ ಅಜ್ಜಿಯ ಬಳಿ ಅತ್ತೆ. ಅವರು ತಮ್ಮ ವೃದ್ಧಾಪ್ಯ ವೇತನದ ಹಣವನ್ನು ಸೀರೆಯ ಮಡಿಕೆಯಿಂದ ತೆಗೆದು ಕೊಟ್ಟರು. ಬಯ್ಯಲಿಲ್ಲ. ಪೆಟ್ಟಿಗೆಯಿಂದ ನನ್ನ ತಮ್ಮನ ಚಿಕ್ಕಂದಿನ ಸ್ವೆಟರನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಇದು ಮೊದಲು ನಿಮ್ಮಪ್ಪನದು ಕಣೇ" ಎಂದರು. ಅಪ್ಪನ ಹಳೆಯ ಸ್ವೆಟರನ್ನು ಬಿಚ್ಚಿ, ದಾರವನ್ನು ಹಲಗೆಗೆ ಸುತ್ತಿ, ನೀರಿನಲ್ಲಿ ನೆನೆಸಿ ಸುಕ್ಕು ಬಿಡಿಸಿ, ಒಣಗಿಸಿ, ಮತ್ತೆ ಹೆಣೆದದ್ದಂತೆ. ಹೊಸ ಉಂಡೆ ಒಂದನ್ನೂ ಕೊಂಡಿರಲಿಲ್ಲ. ಎರಡು ಜೊತೆ ಕಡ್ಡಿಯಲ್ಲಿ ಅವರ ಜೀವಮಾನದ ಹೆಣಿಗೆ ನಡೆದಿತ್ತು.

ಈ ಸೀಮೆಗೆ ಉಣ್ಣೆಯೇನೂ ಹೊಸತಲ್ಲ. ನಮ್ಮ ಬಯಲಿನ ಕುರಿಗಳ ಉಣ್ಣೆ ಒರಟು. ವರ್ಷಕ್ಕೆರಡು ಸಲ ಅದನ್ನು ಕತ್ತರಿಸಿ, ಹೆಂಗಸರು ಕೈಯಲ್ಲಿ ನೂತು, ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟರೆ ಮಳೆಗೂ ಚಳಿಗೂ ಆಗುವ ಕಂಬಳಿ. ಅಲ್ಲಿ ಒಂದೆಳೆಯೂ ವ್ಯರ್ಥವಾಗುತ್ತಿರಲಿಲ್ಲ. ನಾವು ಉಲ್ಲನ್ ಎಂದು ಕೊಳ್ಳುವುದಾದರೋ ಬಹುಮಟ್ಟಿಗೆ ಅಕ್ರಿಲಿಕ್, ಪೆಟ್ರೋಲಿಯಮ್ಮಿನಿಂದಾದ ಎಳೆ. ಟ್ರಂಕಿನಲ್ಲಿ ಎಷ್ಟು ವರ್ಷ ಇಟ್ಟರೂ ಅದು ಕೊಳೆಯದು. ನಮ್ಮ ದುಂದಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಾಗಾದರೆ ಹೆಣಿಗೆಯನ್ನೇ ಬಿಡಬೇಕೆ? ಅಂಗಡಿಯ ಸ್ವೆಟರು ಅಗ್ಗವಲ್ಲವೆ ಎಂದು ಕೇಳುವವರುಂಟು. ಅಗ್ಗವೇ ಸರಿ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ 1589ರಲ್ಲಿಯೇ ಹೆಣೆಯುವ ಯಂತ್ರ ಕಟ್ಟಿದ. ಆದರೆ ಕ್ರೋಶಾಕ್ಕೆ ಇಂದಿಗೂ ಕೈಯೇ ಬೇಕು. ಕ್ರೋಶಾ ಲೇಸು ಅಗ್ಗವಾಗಿ ಸಿಕ್ಕಿದರೆ ಯಾರದೋ ಕೈಗೆ ಕೂಲಿ ದಕ್ಕಿಲ್ಲವೆಂದೇ ಅರ್ಥ. ಆಂಧ್ರದ ನರಸಾಪುರದ ಲೇಸು ಹೆಣೆಯುವ ಹೆಂಗಸರನ್ನು ಕುರಿತು ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ 1982ರಲ್ಲಿ ಪುಸ್ತಕ ಬರೆದರು. ಗೃಹಿಣಿಯರ ಬಿಡುವಿನ ಕೆಲಸವೆಂದು ಹೆಸರಿಟ್ಟು ಅವರ ದುಡಿಮೆಗೆ ಅತ್ಯಲ್ಪ ಕೂಲಿ ಕೊಡುತ್ತಿದ್ದುದನ್ನು ಅವರು ತೋರಿಸಿಕೊಟ್ಟರು. ಒಂದು ಅಂಗೈಯಗಲ ಹೆಣೆದು ನೋಡಿದವರಿಗೆ ಆ ಅನ್ಯಾಯ ಬೆರಳಿನಲ್ಲಿಯೇ ತಿಳಿಯುತ್ತದೆ. ಈ ತಿಳಿವಳಿಕೆಯೂ ವಿದ್ಯೆಯೇ. ಹುಡುಗರೂ ಇದನ್ನು ಕಲಿಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಹೊಸಬರು ಒಂದು ಕಡ್ಡಿ, ಒಂದು ಉಂಡೆಯಿಂದ ಆರಂಭಿಸಲಿ. ಕೈಯಲ್ಲಿರುವುದು ಮುಗಿಯದೆ ಮತ್ತೊಂದನ್ನು ಕೊಳ್ಳಬಾರದು. ಮಿಕ್ಕ ದಾರವನ್ನು ಹಾಕಲು ಕಾಲೇಜಿನಲ್ಲಿ ಒಂದು ಪೆಟ್ಟಿಗೆ ಇಡೋಣ. ಕಡ್ಡಿಗಳನ್ನು ಪುಸ್ತಕದಂತೆ ಎರವಲು ಕೊಡೋಣ. ಹುಟ್ಟಿದ ಕೂಸಿನ ಮೈ ಬೇಗ ತಣ್ಣಗಾಗುತ್ತದೆ, ತಲೆಗೆ ಕುಲಾವಿ ಬೇಕು. 100 ಗ್ರಾಂ ಉಂಡೆಯಲ್ಲಿ ಮೂರು ಕುಲಾವಿ ಆದೀತು. ಸರ್ಕಾರಿ ಆಸ್ಪತ್ರೆಯವರು ಒಪ್ಪಿದರೆ ಅಲ್ಲಿಗೆ ಕೊಡೋಣ. ನನ್ನ ಲೆಕ್ಕದಲ್ಲಿ ಟ್ರಂಕಿನೊಳಗೆ ನಲವತ್ತು ಕೂಸುಗಳ ಕುಲಾವಿ ಸುಮ್ಮನೆ ಬಿದ್ದಿದೆ.

ಈ ಲೇಖನ ಬರೆಯುವ ಹೊತ್ತಿಗೆ ಆರು ಮುಗಿದಿವೆ. ಅಜ್ಜಿಯ ಹಣದಲ್ಲಿ ಅರ್ಧ ತೀರಿಸಿದ್ದೇನೆ. ಉಳಿದ ಅರ್ಧಕ್ಕೆ ಅವರು ಹಣ ಬೇಡವೆಂದಿದ್ದಾರೆ, ನಿಂತ ತೋಳನ್ನು ಮುಗಿಸಿ ತೋರಿಸಬೇಕಂತೆ.