ಪಾದೋದಕಕ್ಕೂ ನೀರು ಬೇಕು



ಮಳೆ ಹೋದ ವರ್ಷಗಳಲ್ಲಿ ಯಡೂರಿನ ಶ್ರೀ ವೀರಭದ್ರೇಶ್ವರನ ದರ್ಶನಕ್ಕೆ ಬರುವ ರೈತರು ನಮ್ಮನ್ನು ಕೇಳುವ ಮಾತು ಒಂದೇ: "ಅಪ್ಪಾರ, ಶಿವ ನಮ್ಮ ಮ್ಯಾಲ ಯಾಕ ಮುನಿದಾನ್ರಿ?" ಈ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವವರಲ್ಲ. ಆದರೆ ಎಲ್ಲವನ್ನೂ ಶಿವನ ಮೇಲೆ ಹೊರಿಸಿ ಕೈಕಟ್ಟಿ ಕೂಡುವುದು ಭಕ್ತಿಯಲ್ಲ.

ಬರ ನಮ್ಮ ಸೀಮೆಗೆ ಹೊಸದಲ್ಲ. ಸಹ್ಯಾದ್ರಿಯು ಮೋಡವನ್ನು ತಡೆದು ಆಚೆಗೇ ಮಳೆ ಸುರಿಸಿಕೊಳ್ಳುವುದರಿಂದ ಅಥಣಿಯ ಮೂಡಲ ಭಾಗ ಎಂದಿಗೂ ಮಳೆಯ ನೆರಳಿನ ನಾಡು. 1791-92ರ ಡೋಗಿ ಬರ, 1876-78ರ ಮಹಾಕ್ಷಾಮಗಳ ಕಥೆಯನ್ನು ಕೇಳಿದ್ದೇವೆ. 1972ರ ಬರವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹಾಗಾದರೆ ಈಗ ಹೊಸದೇನು?

2019ನ್ನು ನೆನೆಯಿರಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ನಮ್ಮ ಸರಕಾರವು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಆಗಸ್ಟಿನಲ್ಲಿ ಅದೇ ಕೃಷ್ಣೆ ಕಲ್ಲೋಳ-ಯಡೂರು ಸೇತುವೆಯನ್ನು ನುಂಗಿ ಊರೂರನ್ನೇ ಮುಳುಗಿಸಿದಳು. ಮತ್ತೆ 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್ ಆಯಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು.

ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೊ ಎಂಬುದು ಆ ಬರಕ್ಕೆ ಒಂದು ಕಾರಣ. ಅದು ಹಿಂದೆಯೂ ಬಂದುಹೋಗುತ್ತಿತ್ತು. ಆದರೆ ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟ ಹೊಗೆಯಿಂದ ಈಗ ಭೂಮಿಯ ಮೈಯೇ ಕಾದಿದೆ. ಗಾಳಿ ಒಂದು ಡಿಗ್ರಿ ಕಾದರೆ ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿಯಬಲ್ಲದು. ಮಳೆಯಿಲ್ಲದ ದಿನಗಳಲ್ಲಿ ಆ ಗಾಳಿ ಹೊಲದ ಹಸಿಯನ್ನು ಹೀರುತ್ತದೆ. ಸುರಿಯುವ ದಿನ ಒಮ್ಮೆಲೇ ಸುರಿಯುತ್ತದೆ. ಬರ ಬಿಗಿಯಾಗುವುದೂ ನೆರೆ ಹೆಚ್ಚುವುದೂ ಒಂದೇ ಕಾವಿನಿಂದ. 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ಇಲ್ಲಿ ತಿರುಗಿದೆ. ಹೊಗೆಯೆಬ್ಬಿಸಿದವರು ಹೆಚ್ಚಾಗಿ ದೂರದ ಸಿರಿವಂತರು, ಉಣ್ಣುವವನು ಎರಡು ಎಕರೆ ಜೋಳದ ರೈತ. ಇದು ಅನ್ಯಾಯವೇ ಸರಿ.

ಆದರೆ ಮಳೆ ತಪ್ಪಿದ್ದು ಮಾತ್ರ ಬರವಲ್ಲ. ಬಂದ ನೀರು ನಿಲ್ಲದಿದ್ದರೂ ಬರವೇ. ಆ ಪಾಲು ನಮ್ಮದು. ಹೊಳೆದಂಡೆಯಲ್ಲಿ ವರ್ಷವಿಡೀ ನಿಲ್ಲುವ ಕಬ್ಬಿಗೆ ಮಿತಿಯಿಲ್ಲದೆ ನೀರು ಹಾಯಿಸುತ್ತೇವೆ. ಹಳೆಯ ಬಾವಿಗೆ ಕಸ ತುಂಬಿ ಹೊಸ ಬೋರು ಕೊರೆಸುತ್ತೇವೆ. ಬರದ ಬೇಸಿಗೆಯಲ್ಲಿ ಮೂಡಲ ಹಳ್ಳಿಯ ತಾಯಂದಿರು ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಾರೆ. ಕಬ್ಬು ಬೆಳೆಯುವ ಭಕ್ತರ ಕಾಣಿಕೆಯಿಂದಲೇ ಮಠದ ದಾಸೋಹದ ಒಲೆ ಉರಿಯುತ್ತದೆ ಎಂಬುದನ್ನು ಬಲ್ಲೆವು. ಆದರೂ ಹೇಳದೆ ಇರಲಾರೆವು.

ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ನೀರನ್ನು ಆವರಣವೆಂದು, ಅಂದರೆ ಭಕ್ತನ ರಕ್ಷಾಕವಚವೆಂದು ಕಂಡ ಧರ್ಮ ನಮ್ಮದು. ಪೂಜೆಯಲ್ಲಿ ಹನಿಯೂ ನೆಲಕ್ಕೆ ಬೀಳದಂತೆ ಕಣ್ಣಿಗೊತ್ತಿಕೊಳ್ಳುವ ನಾವು ಹೊಲದಲ್ಲಿ ಅದೇ ನೀರನ್ನು ಪೋಲು ಮಾಡಿದರೆ ಆ ಆಚಾರ ಯಾತರದು? ಸೊನ್ನಲಿಗೆಯ ಸಿದ್ಧರಾಮೇಶ್ವರರು ಮಹಾಯೋಗಿಗಳು. ಅವರು ಮಳೆಗಾಗಿ ಬೇಡಿ ಕುಳಿತವರಲ್ಲ, ಕೆರೆ ಕಟ್ಟಿಸಿದವರು. ಸೊಲ್ಲಾಪುರದ ಆ ಕೆರೆ ಇಂದಿಗೂ ಸಾಕ್ಷಿಯಾಗಿದೆ.

ಆದ್ದರಿಂದ ಮಳೆಗಾಗಿ ಜಪ ನಡೆಯಲಿ, ರುದ್ರಾಭಿಷೇಕವೂ ನಡೆಯಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಜಪ ಮುಗಿಸಿ ಏಳುವ ಕೈ ಗುದ್ದಲಿ ಹಿಡಿಯಲಿ. ಮಿರಗದ ಮಳೆಗೆ ಮುನ್ನ ಪ್ರತಿ ಹೊಲದ ಬದು ಗಟ್ಟಿಯಾಗಲಿ, ಊರಕೆರೆಯ ಹೂಳು ಎತ್ತಲಿ, ಕಬ್ಬಿಗೆ ಹನಿ ನೀರಾವರಿಯಾಗಲಿ. ನೀರಿದ್ದವನು ನೀರಿಲ್ಲದ ನೆರೆಯವನನ್ನು ನೆನೆದು ಪಂಪಿನ ಗುಂಡಿ ಒತ್ತಲಿ. ಅದೂ ದಾಸೋಹವೇ.

ಶಿವನು ಮುನಿದಿಲ್ಲ. ನಾವು ಏಳುವುದನ್ನು ಕಾಯುತ್ತಿದ್ದಾನೆ. ಸರ್ವರಿಗೂ ಸನ್ಮಂಗಳವಾಗಲಿ.